ಇಮ್ರಾನನ ಫೋನು

ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಚಪ್ಪಲಿ, ಗಡಿಯಾರ, ಬೈಕಿನ ಕೀಲಿ ಇದ್ದವು. ಲಾಲ್ ಸಾಬರು ಚೀಲವನ್ನು ತಲೆಕೆಳಗು ಮಾಡಿ ಕೊಡವಿದರು. ಮಗನ ಫೋನ್ ಇರಲಿಲ್ಲ.

ಇಮ್ರಾನ್ ಹೋದ ಸುದ್ದಿ ನಿಟ್ಟುವಳ್ಳಿಯ ಮನೆಗೆ ಮುಟ್ಟಿ ಆಗ ಒಂದು ತಾಸೂ ಆಗಿರಲಿಲ್ಲ. ಹರಿಹರದ ರಸ್ತೆಯಲ್ಲಿ ಯಾವುದೋ ಲಾರಿ ಬೈಕಿಗೆ ಬಡಿದು ನಿಲ್ಲದೆ ಹೋಗಿತ್ತು. ಕಾಲು ಗಂಟೆ ಮೊದಲು ತಂದಿದ್ದರೆ ಉಳಿಯುತ್ತಿದ್ದ ಎಂದರು ವೈದ್ಯರು. ಆ ರಸ್ತೆಯ ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಭೀಮವ್ವ ಇನ್ನೊಂದು ಮಾತು ಹೇಳಿದಳು.

“ಬಿಳಿ ಟೋಪಿ ಮುದುಕ ಒಬ್ಬ ಬಗ್ಗಿ ಕೂತಿದ್ದ್ರಿ. ಆಮ್ಯಾಲೆ ಹುಡುಗನ ಕೈಯಾಗಿನ ಫೋನ್ ತಗಂಡು ಓಡಿಬಿಟ್ಟ. ನಾನೇ ಓಡಿ ಬಂದು ಆಂಬುಲೆನ್ಸಿಗೆ ಹಚ್ಚಿದ್ದು.”

ಅಂದರೆ ಆ ಮುದುಕ ಅದೇ ಫೋನಿನಿಂದ ಒಂದು ಕರೆ ಮಾಡಿದ್ದರೆ ಮಗ ಉಳಿಯುತ್ತಿದ್ದ. ಲಾಲ್ ಸಾಬರು ಗೋರಿಯ ಹಸಿ ಮಣ್ಣು ಮುಟ್ಟಿ, ಇದೇ ಅಳು ಅವನ ಮನೆಯಲ್ಲೂ ಏಳಬೇಕು ಎಂದುಕೊಂಡರು. ಐದು ಹೊತ್ತಿನ ನಮಾಜು ತಪ್ಪಿಸದ ಮನುಷ್ಯ. ಆದರೂ ಹಾಗೆಂದುಕೊಂಡರು.

ನಲವತ್ತನೆಯ ದಿನದ ಫಾತಿಹಾ ಮುಗಿಯಿತು. ಹೆಂಡತಿ ಮಾಬೂಬೀ ಶುಕ್ರವಾರಕ್ಕೊಂದು ಸಲ ಮಗನ ನಂಬರಿಗೆ ವಾಟ್ಸಾಪಿನಲ್ಲಿ ತನ್ನ ದನಿ ಕಳಿಸುತ್ತಿದ್ದಳು. ಎಲ್ಲದರ ಪಕ್ಕದಲ್ಲೂ ಒಂದೇ ಟಿಕ್. ಫಾತಿಹಾದ ಮರುದಿನ ನೋಡಿದರೆ ಈಚಿನವಕ್ಕೆಲ್ಲ ಎರಡು.

“ಫೋನಿಗೆ ಜೀವ ಬಂದೈತ್ರಿ,” ಎಂದಳು. “ಒಂದ್ಸಲ ಹಚ್ಚಿ ನೋಡಾನ.”

“ಬ್ಯಾಡ. ನಾವು ಹುಡುಕ್ತಿದೀವಿ ಅಂತ ಗೊತ್ತಾದ್ರೆ ಹೊಳೆಗೆ ಒಗೀತಾನೆ.”

ಲಾಲ್ ಸಾಬರು ಮೂವತ್ತೈದು ವರ್ಷ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಕಂಬ ಹತ್ತಿ, ತಂತಿ ಕೂಡಿಸಿ, ಇಳಿದು, ಕೊನೆಗೊಮ್ಮೆ ಬೆಲ್ ಹೊಡೆಸಿ “ಹಲೋ, ಕೇಳ್ತೈತಾ?” ಎನ್ನದೆ ಯಾವ ಮನೆಯ ಕೆಲಸವನ್ನೂ ಮುಗಿಸಿದವರಲ್ಲ. ಈಗ ಆ ಒಂದನ್ನು ಬಿಟ್ಟು ಉಳಿದದ್ದೆಲ್ಲ ಕಲಿಯಲು ಹೊರಟರು.

ವಿದ್ಯಾನಗರದ ಒಂದು ಮಹಡಿಯ ಮೇಲೆ ಅಂಜನಕುಮಾರ ಎಂಬ ತರುಣ ಎಥಿಕಲ್ ಹ್ಯಾಕಿಂಗ್ ಕಲಿಸುತ್ತಿದ್ದ. ಕಾಲೇಜು ಹುಡುಗರ ನಡುವೆ ಬಿಳಿಗಡ್ಡ ಬಂದು ಕೂತಿತು.

“ಚಾಚಾ, ಯಾರ ಮನೆಗೆ ಕನ್ನ?” ಎಂದು ಹಿಂದಿನ ಸಾಲಿನವನೊಬ್ಬ ಕೇಳಿದ.

“ಮೊದ್ಲು ಕಲಿಯಾಣಪ್ಪ. ಮನೆ ಆಮ್ಯಾಲೆ ಹೇಳ್ತೀನಿ.”

ಹುಡುಗರು ನಕ್ಕರು. ಅವರು ನಗಲಿಲ್ಲ.

ಒಂದೇ ಬೆರಳಿನಲ್ಲಿ ಲಿನಕ್ಸ್ ಆಜ್ಞೆಗಳನ್ನು ಕುಟ್ಟಿದರು. ಮನೆಗೊಂದು ಜೋಡಿ ತಂತಿ ಇದ್ದ ಹಾಗೆ ಯಂತ್ರಕ್ಕೊಂದು ವಿಳಾಸ ಇರುತ್ತದೆ ಎಂಬುದು ಅವರಿಗೆ ಎಲ್ಲರಿಗಿಂತ ಮೊದಲು ತಲೆಗೆ ಹತ್ತಿತು. ಅಂಜನಕುಮಾರ ಹೇಳಿದ ಎರಡು ನಿಯಮಗಳನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡರು. ಗುರಿಗೆ ಸುಳಿವು ಸಿಗದಂತೆ ನೋಡಬೇಕು. ಲಿಖಿತ ಅನುಮತಿ ಇಲ್ಲದೆ ಯಾರ ಬಾಗಿಲನ್ನೂ ಮುಟ್ಟಬಾರದು.

“ಸತ್ತವನ ಬಾಗಿಲಿಗೆ ಅನುಮತಿ ಯಾರು ಕೊಡಬೇಕು, ಮೇಷ್ಟ್ರೇ?”

ಅಂಜನಕುಮಾರ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟ. “ಹೆತ್ತೋರು ಕೊಡ್ಲಿ ಬಿಡ್ರಿ.”

ಅಂದು ಸಂಜೆ ಮಾಬೂಬೀ ಒಂದು ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿದಳು.

ಜನ ತಮಗೆ ಬೇಕಾದವರ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಳ್ಳುತ್ತಾರೆ ಎಂಬುದು ಐದನೆಯ ತಿಂಗಳ ಪಾಠ. ಲಾಲ್ ಸಾಬರು ಪಟ್ಟಿ ಮಾಡಿದರು. ಹುಟ್ಟಿದ ದಿನ, ಬೈಕಿನ ನಂಬರು, ಶಾಲೆ. ಮಗನ ಇಮೇಲ್ ಖಾತೆಗೆ ದಿನಕ್ಕೆ ಮೂರರಂತೆ ಪ್ರಯತ್ನಿಸಿದರು. ಕೊನೆಗೆ ಬಾಗಿಲು ತೆರೆದದ್ದು ತಾಯಿಯ ಹೆಸರು, ಅದರ ಮುಂದೆ ಮನೆಯ ಹಳೆಯ ಲ್ಯಾಂಡ್‌ಲೈನ್ ನಂಬರು. ಅವರೇ ಕಂಬ ಹತ್ತಿ ಎಳೆದ ಲೈನು ಅದು.

ಖಾತೆಯೊಳಗಿನ ನಕಾಶೆಯಲ್ಲಿ ಫೋನ್ ಇರುವ ಜಾಗ ಕಂಡಿತು. ಹರಿಹರ, ಹೊಳೆಯ ಕಡೆ ಇಳಿಯುವ ಓಣಿ. ಪಕ್ಕದಲ್ಲೇ ಫೋನನ್ನು ಕೂಗಿಸುವ ಗುಂಡಿಯೂ ಇತ್ತು. ಬೆರಳನ್ನು ಅದರಿಂದ ದೂರ ಇಟ್ಟರು.

ಮರುದಿನ ಮಧ್ಯಾಹ್ನ ಜೊಹರ್ ನಮಾಜು ಮುಗಿಸಿ ಹಳೆಯ ಸಾಮಾನಿನ ಚೀಲಕ್ಕೆ ಸುತ್ತಿಗೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದರು. “ಎಲ್ಲಿಗ್ರಿ?” ಎಂದಳು ಮಾಬೂಬೀ. “ಲೈನ್ ಸರಿ ಮಾಡಾಕೆ,” ಎಂದರು.

ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಐದು ಮನೆಗಳಿದ್ದವು. ನಕಾಶೆಯ ಚುಕ್ಕೆ ಐದನ್ನೂ ಮುಚ್ಚುತ್ತಿತ್ತು. ಕಲಿತದ್ದೆಲ್ಲ ಅಲ್ಲಿಗೆ ಮುಗಿಯಿತು. ಉಳಿದದ್ದು ಹಳೆಯ ಕಸುಬಿನ ಕೊನೆಯ ಕೆಲಸ ಒಂದೇ. ಆರು ತಿಂಗಳಲ್ಲಿ ಮೊದಲ ಸಲ ಮಗನ ನಂಬರಿಗೆ ಬೆಲ್ ಹೊಡೆಸಿದರು.

ನಡುವಿನ ಮನೆ ಕೂಗಿತು.

ಬಾಗಿಲು ತೆರೆದೇ ಇತ್ತು. ಒಳಗೆ ಬಿಳಿ ಟೋಪಿಯೊಂದು ಎಡವುತ್ತ ಗೋಡೆಯ ಚಾರ್ಜರಿನ ಕಡೆ ಧಾವಿಸಿತು. ಲಾಲ್ ಸಾಬರ ಕೈ ಚೀಲದೊಳಗೆ ಸುತ್ತಿಗೆಯ ಹಿಡಿಯನ್ನು ಹುಡುಕಿಕೊಂಡಿತು.

“ಊರಮ್ಮ, ಬೆಲ್ ಆಗ್ತೈತೆ ನೋಡೇ,” ಎಂದು ಹೆಂಡತಿಗೆ ಹೇಳುತ್ತಲೇ ಮುದುಕ ಫೋನನ್ನು ಕಿವಿಗೆ ಒತ್ತಿಕೊಂಡ. ಅವನ ದನಿ ಬಾಗಿಲಿನಿಂದಲೂ ಫೋನಿನಿಂದಲೂ ಒಟ್ಟಿಗೇ ಬಂತು.

“ಹಲೋ, ಕಂಪ್ನಿಯೋರಾದ್ರೆ ಇಡ್ರಿ, ಹುಡುಗನ ಮನೆಯೋರಾದ್ರೆ ಇಡಬ್ಯಾಡ್ರಿ. ನಾನು ಕಲ್ಲಪ್ಪ. ಅವತ್ತು ಹುಡುಗ ‘ಅಬ್ಬಾ ಫೋನ್ ಮಾಡ್ತಾರೆ, ಆರಾಮ್ ಇದೀನಿ ಅಂತ ಹೇಳ್ರಿ’ ಅಂತ ಇದನ್ನ ಕೈಗೆ ಕೊಟ್ಟ. ಒಡೆದು ಸತ್ತುಹೋಗಿತ್ತು. ಆಂಬುಲೆನ್ಸಿಗೆ ಹಚ್ಚಿಸಾಕೆ ಅಂತ ಪೆಟ್ರೋಲ್ ಬಂಕಿಗೆ ಓಡಿದೆ, ತಿರುಗಿ ಬರಾದ್ರಾಗೆ ಕರ್ಕಂಡು ಹೋಗಿದ್ರು. ಪೊಲೀಸ್ ಸ್ಟೇಷನ್ನಿಗೆ ಕೊಡಾಕೆ ಹೆದರಿಕೆ ಆತ್ರಿ. ಒಂದು ತಿಂಗಳ ಮ್ಯಾಲೆ ರಿಪೇರಿ ಆತು. ಲಾಕ್ ತೆಗೆಯಾಂಗಿಲ್ಲ, ಮನೆಯೋರು ಫೋನ್ ಮಾಡೇ ಮಾಡ್ತಾರೆ, ಕಾಯಿ ಅಂದ ಅಂಗಡಿಯೋನು. ಕರೆನ್ಸಿ ಹಾಕಿಸ್ಕಂಡು ಅವತ್ತಿಂದ ಇದರ ಮುಂದೇ ಕೂತೀನ್ರಿ. ನೀವು ಒಬ್ರೂ ಮಾಡ್ಲಿಲ್ಲ.” ಮುದುಕ ಉಸಿರು ಎಳೆದುಕೊಂಡ. “ಹುಡುಗ ಈಗ ಎದ್ದು ಓಡಾಡ್ತಾನೇನ್ರಿ?”

ಲಾಲ್ ಸಾಬರು ಚೀಲವನ್ನು ನೆಲಕ್ಕಿಳಿಸಿ ಅದೇ ಮನೆಯ ಕಟ್ಟೆಯ ಮೇಲೆ ಕೂತರು.

“ಆರಾಮ್ ಇದಾನ್ರಿ, ಕಲ್ಲಪ್ಪಾರೆ,” ಎಂದು ಫೋನನ್ನು ಪಕ್ಕಕ್ಕಿಟ್ಟು ಎರಡೂ ಅಂಗೈ ತೆರೆದರು. ಯಾ ಅಲ್ಲಾಹ್, ಈ ಮಾತನ್ನು ಸುಳ್ಳು ಮಾಡಬೇಡ. ನನ್ನ ಮಗನನ್ನು ಆರಾಮವಾಗಿಡು.