ಸೋಸಿದ ನೀರು

ಯಂತ್ರ ನಮ್ಮೂರ ಹೊಳೆಗೆ ‘ಉತ್ತಮ’ ಎಂದು ಷರಾ ಬರೆದಿದೆ ಎಂದು ದ್ರಾಕ್ಷಾಯಿಣಿ ಲ್ಯಾಪ್‌ಟಾಪ್ ತೆರೆದು ನನ್ನ ಮುಂದಿಟ್ಟಳು. ಉಪಗ್ರಹ ತೆಗೆದ ಚಿತ್ರದಲ್ಲಿ ಘಟಪ್ರಭೆ ಗೋಕಾಕದಿಂದ ಮೂಡಲಗಿಯ ಕಡೆಗೆ ಪಾಚಿಗಟ್ಟಿ ಹಸಿರಾಗಿ ಮಲಗಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರೂ ಇತ್ತು: ನೀರು ತುಂಬಿದವರು, ರಮಜಾನಸಾಬ ಮಾಸ್ತರ. ಕನ್ನಡಕ ಸರಿಮಾಡಿಕೊಂಡು ಅದನ್ನೇ ಎರಡು ಸಲ ಓದಿದೆ.

“ಸೋಮವಾರ ವರದಿ ಕೊಡಬೇಕ್ರಿ ಸರ್ರ. ಇದನ್ನ ಕೊಟ್ಟರ ಸ್ವಚ್ಛ ಮಾಡೂ ಪಟ್ಟಿಯೊಳಗ ನಮ್ಮ ಹೊಳಿ ಬರೂದಿಲ್ಲ,” ಎಂದಳು. ಆ ನೀರಿನಲ್ಲಿ ಈಜಿದ ಮಕ್ಕಳು ವಾರಗಟ್ಟಲೆ ಮೈ ಕೆರೆದುಕೊಳ್ಳುವುದು ಊರಿಗೇ ಗೊತ್ತಿತ್ತು.

ಏಳನೇ ಇಯತ್ತೆಯಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗಿ ಇವಳು. ಈಗ ನದಿಗಳ ಸಂಶೋಧನೆ ಮಾಡುತ್ತಾಳೆ. ಉಪಗ್ರಹ ನಮ್ಮ ಮೇಲೆ ಹಾಯುವ ದಿನ, ಬೆಳಿಗ್ಗೆ ಹತ್ತೂವರೆಗೆ, ಹೊಳೆಯಿಂದ ಒಂದು ಬಾಟಲಿ ನೀರು ತುಂಬಿಡಬೇಕೆಂದು ಕೇಳಿದ್ದಳು. ನೀರಿನ ಪರೀಕ್ಷೆಯನ್ನೂ ಚಿತ್ರದ ಬಣ್ಣವನ್ನೂ ಜೋಡಿಸಿ ಯಂತ್ರಕ್ಕೆ ಪಾಠ ಹೇಳುವುದು; ಮುಂದೆ ಅದು ಬಣ್ಣ ನೋಡಿಯೇ ನೀರಿನ ಗುಣ ಹೇಳುವುದು. ಹುಕ್ಕೇರಿಯಿಂದ ಮೂಡಲಗಿಯವರೆಗೆ ಎಂಟು ಜನ ಒಪ್ಪಿದ್ದೆವು. ಉಳಿದವರು ಎರಡು ಸಲ ತುಂಬಿ ಕೈಬಿಟ್ಟರು. ನಾನು ಒಮ್ಮೆಯೂ ತಪ್ಪಿಸಲಿಲ್ಲ. ಹೆಂಡತಿ ಸಾಯಿರಾಬಿ ತೀರಿಕೊಂಡ ಮೇಲೆ ನನ್ನನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸಿ ಹೊರಡಿಸುವುದು ಮಸೀದಿಯ ಬಾಂಗು, ಅದು ಬಿಟ್ಟರೆ ಈ ಉಪಗ್ರಹ. ಹಾಗಾಗಿ ಯಂತ್ರ ಕಲಿತದ್ದೆಲ್ಲ ಹೆಚ್ಚುಕಡಿಮೆ ನನ್ನಿಂದಲೇ. ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ನಾನು ಹೇಳಿದ್ದನ್ನು ಪೂರ್ತಿ ನಂಬಿದ ಶಿಷ್ಯ ಅದೊಂದೇ.

ಹೇಗೆ ತುಂಬುತ್ತೀರಿ, ಒಮ್ಮೆ ತೋರಿಸಿ ಎಂದಳು. ಹೊಳೆಗೆ ಹೋದೆವು. ಬಾಟಲಿಯನ್ನು ಮೂರು ಸಲ ತೊಳೆದೆ. ಬಿಸ್ಮಿಲ್ಲಾ ಎಂದು ಜೇಬಿನಿಂದ ಬಟ್ಟೆ ತೆಗೆದು, ನಾಲ್ಕು ಮಡಿಕೆ ಮಾಡಿ ಬಾಟಲಿಯ ಬಾಯಿಗೆ ಹಿಡಿದು, ತಂಬಿಗೆಯಿಂದ ನಿಧಾನವಾಗಿ ಸುರಿದೆ.

“ಸರ್ರ, ಸೋಸತೀರೇನು?”

“ಮತ್ತ? ಮಂದಿ ಕೈಗೆ ಹೋಗೂ ನೀರು. ಸೋಸಲಾರದ ಕೊಟ್ಟರ ಸಾಯಿರಾಬಿ ಸುಮ್ಮನ ಬಿಡತಿದ್ಲೇನವ್ವಾ?”

ಬಟ್ಟೆ ಸಾಯಿರಾಬಿಯ ಓಢಣಿಯ ತುಂಡು. ಒಂದು ಕಾಲಕ್ಕೆ ಬಿಳಿಯದು. ದ್ರಾಕ್ಷಾಯಿಣಿ ಅದನ್ನು ಬಿಚ್ಚಿ ಬಿಸಿಲಿಗೆ ಹಿಡಿದಳು.

“ಪಾಚಿ ಎಲ್ಲಾ ಇದರಾಗ ಉಳದೈತ್ರಿ; ಅದಕ್ಕ ಯಂತ್ರ ಹಸರ ನೀರ ಚಲೋದು ಅಂತ ಕಲತೈತಿ. ಬಾಟಲಿಯೊಳಗ ಬರೇ ನಿಮ್ಮ ಮರ್ಯಾದಿ ಬಂದೈತಿ.” ಬಟ್ಟೆಯನ್ನು ನನ್ನ ಕೈಗಿಟ್ಟು ಸೇರಿಸಿದಳು: “ಸೋಸೂದು ಅಂದ್ರ ಏನಂತ ನೀವ ಕಲಿಸಿದ್ರಿ.”

ಕಲಿಸಿದ್ದೆ. ಉಸುಕು, ಇದ್ದಲಿ, ಆಲಿಕೆ ಎಲ್ಲ ತಂದಿಟ್ಟು ಕಲಿಸಿದ್ದೆ. ಉತ್ತರ ಬಾರದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ; ಒಮ್ಮೆ ಇವಳನ್ನೂ ನಿಲ್ಲಿಸಿದ ನೆನಪು. ಹೊಳೆಯಲ್ಲಿ ಬೆಂಚು ಇರಲಿಲ್ಲ. ಎದ್ದು ಕಲ್ಲಿನ ಮೇಲೆ ನಿಂತೆ.

ಅವಳು ನಗಲಿಲ್ಲ. ಹಳೆಯ ಬಾಟಲಿಗಳ ಲೆಕ್ಕವನ್ನೆಲ್ಲ ತೆಗೆದುಹಾಕುತ್ತೇನೆ, ವರದಿ ತಡವಾಗುತ್ತದೆಂದು ಮೇಲಿನವರಿಗೆ ಬರೆಯುತ್ತೇನೆ, ಬೈಸಿಕೊಳ್ಳುತ್ತೇನೆ, ಯಂತ್ರಕ್ಕೆ ಮೊದಲಿನಿಂದ ಕಲಿಸೋಣ ಎಂದಳು. “ಇವತ್ತ ಹತ್ತೂವರಿಗೆ ಮತ್ತ ಹಾಯತೈತಿ. ಹೊಳಿ ಹೆಂಗೈತೋ ಹಂಗ ತುಂಬ್ರಿ.”

ಬಟ್ಟೆಯನ್ನು ಮಡಿಚಿ ಜೇಬಿನಲ್ಲಿಟ್ಟೆ. ಸೋಸಿದ ನೀರನ್ನು ಚೆಲ್ಲಿ ಬಾಟಲಿಯನ್ನು ಹೊಳೆಗೆ ಇಳಿಸಿದೆ. ಉಪಗ್ರಹ ಬೇಕಾದರೆ ನೋಡಿಕೊಳ್ಳಲಿ. ಅದಕ್ಕಿಂತ ಮೇಲಿರುವ ಸಾಯಿರಾಬಿಗೆ ಕಾಣದಿರಲಿ ಎಂದು ನಾನು ಬೆನ್ನು ಬಾಗಿಸಿ, ಬಾಟಲಿಯನ್ನು ನನ್ನ ನೆರಳಿನೊಳಗೆ ಮರೆಮಾಡಿ ತುಂಬಿದೆ.