ಇನ್ನೊಂದು ಮೀಟಿಂಗು

ಶಾಲೆಯ ಶೌಚಾಲಯದ ಖರ್ಚಿನ ಮಂಜೂರಾತಿ ಪತ್ರದಲ್ಲಿ, ಸಹಿಯ ಜಾಗದಲ್ಲಿ ಊರಿದ ಪೆನ್ನನ್ನು ಸಾವಿತ್ರೀಬಾಯಿ ಮತ್ತೆ ಎತ್ತಿಬಿಟ್ಟರು. "ಮುಂದಿನ ಮೀಟಿಂಗಿನಾಗ ನೋಡೂಣು."

ಸೊಸೆ ಮಂಜರಿಗೆ ಸಾಕಾಗಿತ್ತು. "ಅತ್ಯಾ, ಸಾಲಿ ಹುಡುಗ್ಯಾರು ಪಾಯಖಾನಿ ಇಲ್ದ ಜೋಳದ ಹೊಲಕ್ಕ ಹೋಗ್ತಾರ. ಮಾವನವರ ಹೆಸರಿನ ಟ್ರಸ್ಟು, ನಿಮ್ಮ ಮಕ್ಕಳಿಬ್ಬರೂ ಸಹಿ ಹಾಕ್ಯಾರ. ನೀವ್ಯಾಕ ಪ್ರತಿ ಸಲ ಮುಂದ ಹಾಕ್ತೀರಿ?"

ಸಾವಿತ್ರೀಬಾಯಿ ದಣಿದ ಕಣ್ಣನ್ನು ಪಡಸಾಲೆಯತ್ತ ಹೊರಳಿಸಿದರು. ಸಿಂದಗಿಯ ಬೇಳೆ ಮಿಲ್ಲು ಪಾಲಾದಾಗಿನಿಂದ ಪರಸ್ಪರ ಮಾತು ಬಿಟ್ಟಿದ್ದ ಮಕ್ಕಳು ಅನಂತ, ಪಾರ್ಥ ಈ ಮೀಟಿಂಗಿಗಾಗಿ ಅಲ್ಲಿ ಒಟ್ಟಿಗೆ ಕೂತು ಚಹಾ ಕುಡಿಯುತ್ತಿದ್ದರು. "ಈ ಕೆಲಸ ಮುಗೀತಂದ್ರ ಇವರಿಬ್ಬರೂ ಮತ್ತ ಈ ಮನ್ಯಾಗ ಕೂಡಿ ಕೂಡ್ತಾರೇನವಾ?"

ಅಷ್ಟರಲ್ಲಿ ಅನಂತ ಏನೋ ಅಂದ, ಪಾರ್ಥ ನಕ್ಕ. ಗಂಡನ ಆ ನಗು ಕೇಳಿ ಎಷ್ಟು ವರ್ಷವಾಗಿತ್ತು! ಮಂಜರಿ ಅತ್ತೆಯ ಕೈಯಿಂದ ಪೆನ್ನು ತೆಗೆದುಕೊಂಡು ಮುಚ್ಚಳ ಹಾಕಿದಳು. ಪಡಸಾಲೆಗೆ ಕೇಳುವಂತೆ ಹೇಳಿದಳು: "ಅತ್ಯಾರಿಗೆ ಇನ್ನೊಂದು ಎಸ್ಟಿಮೇಟ್ ಬೇಕಂತ್ರಿ."