ದುಭಾಷಿ

ವಿದೇಶದಲ್ಲಿ ಒಂದು ವರ್ಷ ಓದುವುದಕ್ಕೆ ಇಡೀ ವಿಶ್ವವಿದ್ಯಾಲಯಕ್ಕೆ ಇದ್ದದ್ದು ಒಂದೇ ಸೀಟು. ಆರಿಸಲು ಆ ದೇಶದಿಂದಲೇ ಒಬ್ಬ ಪ್ರೊಫೆಸರಮ್ಮ ಬಂದಿದ್ದರು. ಎಂ.ಎ. ಓದುತ್ತಿದ್ದ ಹುಲಿಗೆಮ್ಮನಿಗೆ ಇಂಗ್ಲಿಷು ಕೇಳಿದರೆ ತಿಳಿಯುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

"ಕನ್ನಡದಲ್ಲೇ ಹೇಳಮ್ಮ, ನಾನು ಇಂಗ್ಲಿಷಿನಲ್ಲಿ ತಿಳಿಸ್ತೀನಿ," ಎಂದರು ಸಂದರ್ಶನಕ್ಕೆ ಪ್ರೊಫೆಸರಮ್ಮನ ಪಕ್ಕದಲ್ಲಿ ಕೂತಿದ್ದ ವಿಭಾಗದ ಡೈರೆಕ್ಟರು. ಅವರ ಮಗಳೂ ಅದೇ ಸೀಟಿಗೆ ಅರ್ಜಿ ಹಾಕಿದ್ದಳು. ಆದರೂ ಹುಲಿಗೆಮ್ಮ ಎದೆ ಗಟ್ಟಿ ಮಾಡಿಕೊಂಡಳು.

"ಇದು ಸಿಗಲಿಲ್ಲಂದ್ರ ನನ್ನ ಓದು ಮುಗೀತ್ರೀ. ಸೋದರಮಾವಗ ಕಟ್ಟತಾರ. ಅವನ ಮೊದಲ್ನೇ ಹೆಂಡ್ತಿ ಅವನ ಹೊಡ್ತಕ್ಕ ಸತ್ತಾಳ. ನೀವು ಕರಕೊಂಡು ಹೋದ್ರ ನನ್ನ ಜೀವ ಉಳೀತೈತ್ರೀ ಅಕ್ಕಾರ."

ಡೈರೆಕ್ಟರು ನಗುತ್ತಾ ಇಂಗ್ಲಿಷಿನಲ್ಲಿ ಹೇಳಿದರು: "ಮದುವೆ ಗೊತ್ತಾಗಿದೆಯಂತೆ. ಬರಲು ಅಷ್ಟು ಮನಸ್ಸಿಲ್ಲವಂತೆ."

"ನಾ ಹಂಗಂದಿಲ್ರೀ ಸರ!"

"ಆಯ್ತು ಹೋಗಮ್ಮ, ಮುಂದಿನವರನ್ನ ಕಳಿಸು."

ಸಂದರ್ಶನಗಳೆಲ್ಲ ಮುಗಿದ ಮೇಲೂ ಹೊರಗೆ ಕಂಬಕ್ಕೊರಗಿ ಅಳುತ್ತಿದ್ದವಳ ಹೆಗಲ ಮೇಲೆ ಯಾರೋ ಕೈಯಿಟ್ಟರು. ನೋಡಿದರೆ ಅದೇ ಪ್ರೊಫೆಸರಮ್ಮ.

"ಅಳಬೇಡ ತಂಗಿ," ಎಂದರು, ಅಚ್ಚ ಕನ್ನಡದಲ್ಲಿ. "ಚಿಕ್ಕ ವಯಸ್ಸಿನಲ್ಲಿ ಮೂರು ವರ್ಷ ನಿಮ್ಮ ಕಡೆಯೇ ಇದ್ದವಳು ನಾನು. ನೀನು ಹೇಳಿದ್ದೆಲ್ಲ ನನಗೆ ತಿಳೀತು."

ಹುಲಿಗೆಮ್ಮನಿಗೆ ಹೋದ ಜೀವ ಬಂದಂತಾಯಿತು. "ಹಂಗಾರ ಸೀಟು ನಂಗ ಏನ್ರೀ ಅಕ್ಕಾರ?"

"ಅದು ಡೈರೆಕ್ಟರ ಮಗಳಿಗೆ ಹೋದ ತಿಂಗಳೇ ಆಯಿತಲ್ಲ," ಎನ್ನುತ್ತಾ ಆಕೆ ಮೊಬೈಲನ್ನು ಅವಳ ಬಾಯಿಯ ಹತ್ತಿರ ಹಿಡಿದರು. "ಆ ಸೋದರಮಾವನ ಮಾತು ಇನ್ನೊಂದು ಸಲ ಹೇಳು, ರೆಕಾರ್ಡ್ ಮಾಡಿಕೊಳ್ತೀನಿ. ನಿಮ್ಮ ಸೀಮೆಯ ಕನ್ನಡ ಕೇಳೋಕೆ ಎಷ್ಟು ಚಂದ!"